ಬಯಲಿಗೆ ಬರುವ ಬೇಟೆಹಕ್ಕಿಗಳಿಗೂ ಒಂದು ಲೆಕ್ಕ ಬೇಕು

ದಸರೆಯ ಗದ್ದಲ ಅಡಗಿ, ಹಿಂಗಾರು ನಾಲ್ಕು ಹನಿ ಉದುರಿಸಿ, ರಾಗಿ ತೆನೆ ಬಲಿಯುವ ಹೊತ್ತಿಗೆ ಮೈಸೂರಿನ ಸುತ್ತಲಿನ ಹೊಲ, ಬೀಳು, ಗೋಮಾಳಗಳಿಗೆ ದೂರದ ಬೇಟೆಹಕ್ಕಿಗಳು ಬಂದು ಸೇರಿರುತ್ತವೆ. ಕರೆಂಟು ತಂತಿಯ ಮೇಲೆ ಕೂತಿದ್ದು, ಎದ್ದರೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ನೆಲವನ್ನು ದಿಟ್ಟಿಸುವ ಚಾಣ, ಕೆರೆಯಂಚಿನ ಜೊಂಡಿನ ಮೇಲೆ ತೇಲುವ ಜೌಗು ಸೆಳೆವ, ಹುರುಳಿ ಹೊಲದ ಮೇಲೆ ಆಳೆತ್ತರದಲ್ಲಿ ಸಾಗಿ ಮಿಡತೆ ಹುಡುಕುವ ಮಾಂಟೆಗೂ ಸೆಳೆವ ಮತ್ತು ಪ್ಯಾಲಿಡ್ ಸೆಳೆವ, ಕಬಿನಿ, ಕನ್ನಂಬಾಡಿಗಳ ಹಿನ್ನೀರಿನಲ್ಲಿ ಮೀನಿಗೆ ಎರಗುವ ಆಸ್ಪ್ರೆ. ಹಕ್ಕಿ ನೋಡುವವರು ಹ್ಯಾರಿಯರ್ ಎಂದೇ ಕರೆಯುವ ಈ ಸೆಳೆವಗಳಲ್ಲಿ ಹಲವು ಕಜಕಸ್ತಾನದ ಹುಲ್ಲುಬಯಲಿನಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬಂದು, ಬೇಸಿಗೆ ಬಲಿಯುವ ಮೊದಲು ಹಿಂದಿರುಗುತ್ತವೆ. ಕೆರೆಗೆ ಬರುವ ಬಾತುಕೋಳಿಗೆ ಇರುವಂಥ ವರ್ಷ ತಪ್ಪದ ಗಣತಿಯ ರೂಢಿ ಬಯಲಿಗೆ ಬರುವ ಈ ಹಕ್ಕಿಗಳ ಪಾಲಿಗೆ ಮೈಸೂರಿನಲ್ಲಿ ಬೆಳೆದು ಬಂದಿಲ್ಲ. ಅದು ಬೆಳೆಯಬೇಕು ಎಂಬುದು ಈ ಬರಹದ ವಾದ. ಹಾಗೆ ಬೆಳೆಯುವಾಗ ಹೊರದೇಶಗಳಲ್ಲಿ ನಡೆಯುವಂತೆ ಬೆಟ್ಟದ ತುದಿಯಲ್ಲಿ ನಿಂತು ಆಕಾಶ ಎಣಿಸುವುದಕ್ಕಿಂತ, ಈ ಹಕ್ಕಿಗಳು ರಾತ್ರಿ ತಂಗುವ ಹುಲ್ಲಿನ ತಾವುಗಳಲ್ಲಿ ಸಂಜೆ ನಿಂತು ಎಣಿಸುವುದೇ ಈ ಸೀಮೆಗೆ ಒಪ್ಪುವ ಕ್ರಮ ಎಂಬುದು ಅದರ ಇನ್ನೊಂದು ಭಾಗ.

ಹಕ್ಕಿಗಳ ದಾಖಲೆ ಮೈಸೂರಿಗೆ ಹೊಸದೇನಲ್ಲ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ವರದಿ 1942–43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು. ಅದೇ ಸುಮಾರಿಗೆ, 1940ರಲ್ಲಿ, ರಂಗನತಿಟ್ಟು ಪಕ್ಷಿಧಾಮವಾಯಿತು. 1987ರಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಶುರುವಾದ ಮೇಲಂತೂ ಜನವರಿಯಲ್ಲಿ ಕೆರೆಕೆರೆ ಸುತ್ತಿ ಹಕ್ಕಿ ಎಣಿಸುವುದು ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರಿಗೆ ಹಬ್ಬದಷ್ಟೇ ಖಾಯಂ ಆಯಿತು. ಹದಿನಾರು ಕೆರೆಗೆ ಎಷ್ಟು ಪಟ್ಟೆತಲೆ ಹೆಬ್ಬಾತು ಬಂದವು ಎಂಬುದು ಪತ್ರಿಕೆಗಳಿಗೆ ಸುದ್ದಿಯಾಗುವುದು ಈ ಕೆಲಸದಿಂದ. 2014ರಿಂದ 2016ರವರೆಗೆ ನಗರವನ್ನು ಚೌಕ ಚೌಕವಾಗಿ ಹಂಚಿಕೊಂಡು ಹಕ್ಕಿಗಳ ಅಟ್ಲಾಸನ್ನೂ ಇಲ್ಲಿನವರು ಸಿದ್ಧಪಡಿಸಿದರು. ಇಷ್ಟೆಲ್ಲ ಇದ್ದೂ ಬೇಟೆಹಕ್ಕಿಗಳ ವಿಷಯದಲ್ಲಿ ಒಂದು ಕೊರತೆ ಉಳಿದಿದೆ. ಸಲೀಂ ಅಲಿಯವರ ವರದಿ ಎಂಬತ್ತು ವರ್ಷಗಳ ಹಿಂದೆ ಇಲ್ಲಿ ಯಾವ ಯಾವ ಸೆಳೆವಗಳಿದ್ದವು ಎಂದು ಹೇಳುತ್ತದೆ. ಇಂದಿನ ಸಂಖ್ಯೆಯ ಪಕ್ಕದಲ್ಲಿ ಇಟ್ಟು ಕೂಡಿ ಕಳೆಯಬಹುದಾದ ಎಣಿಕೆಯನ್ನು ಅದು ಕೊಡುವುದಿಲ್ಲ, ಕೊಡುವುದು ಅದರ ಉದ್ದೇಶವೂ ಆಗಿರಲಿಲ್ಲ. ಪಟ್ಟಿಯೇ ಬೇರೆ, ಲೆಕ್ಕವೇ ಬೇರೆ. ಲೆಕ್ಕವೆಂದರೆ ಶಾಲೆಯ ಹಾಜರಿ ಪುಸ್ತಕದಂತೆ: ಅದೇ ಜಾಗ, ಅದೇ ಹೊತ್ತು, ಅದೇ ಕ್ರಮ, ಮತ್ತು ಬಂದವರಷ್ಟೇ ಶ್ರದ್ಧೆಯಿಂದ ಬಾರದವರನ್ನೂ ಗುರುತು ಹಾಕುವುದು.

ಇಂಥ ಲೆಕ್ಕ ಏನು ಮಾಡಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿ ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್. ಹಿಂಗಾಲದಲ್ಲಿ ಆ ಗುಡ್ಡದ ಮೇಲೆ ಹಾದುಹೋಗುವ ಗಿಡುಗಗಳನ್ನು ಜನ ಮೋಜಿಗಾಗಿ ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಗುಡ್ಡವನ್ನೇ ಗುತ್ತಿಗೆಗೆ ಹಿಡಿದು ಕಾವಲು ಹಾಕಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ದಿನವೂ ಹಾದುಹೋದ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರು. ಆಗ ಅದರಿಂದ ಏನು ಉಪಯೋಗ ಎಂದು ಯಾರಾದರೂ ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಉತ್ತರ ಬಂದದ್ದು 1962ರಲ್ಲಿ, ರೇಚಲ್ ಕಾರ್ಸನ್ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಆ ಅಂಕಿಗಳನ್ನು ಬಳಸಿಕೊಂಡಾಗ. 1935ರಿಂದ 1939ರವರೆಗೆ ಅಲ್ಲಿ ಕಂಡ ಬೋಳುತಲೆ ಹದ್ದುಗಳಲ್ಲಿ ಶೇ 40ರಷ್ಟು ಆ ವರ್ಷದ ಮರಿಗಳು. 1955ರಿಂದ 1959ರ ನಡುವೆ ಆ ಪಾಲು ಶೇ 20ಕ್ಕೆ ಇಳಿದಿತ್ತು. 1957ರಲ್ಲಂತೂ 32 ಬೆಳೆದ ಹದ್ದುಗಳಿಗೆ ಒಂದೇ ಮರಿ. ದೊಡ್ಡ ಹಕ್ಕಿಗಳು ಕಣ್ಣಿಗೆ ಬೀಳುತ್ತಲೇ ಇದ್ದವು, ಸಂತತಿ ಮಾತ್ರ ನಿಂತುಹೋಗುತ್ತಿತ್ತು. ಡಿಡಿಟಿ ಕೀಟನಾಶಕದ ಮೇಲಿನ ಆರೋಪಕ್ಕೆ ಈ ಅಂಕಿ ಬಲ ಕೊಟ್ಟಿತು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಇಪ್ಪತ್ತೈದು ವರ್ಷಗಳ ಹಿಂದೆ ಎಣಿಸಿಟ್ಟವರಿಲ್ಲದಿದ್ದರೆ ಹೋಲಿಸಲು ಕಾರ್ಸನ್ನರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಣಹದ್ದಿನ ಕಥೆಯೂ ಇದನ್ನೇ ಹೇಳುತ್ತದೆ. 1990ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ರಸ್ತೆಗಳುದ್ದಕ್ಕೂ ವಾಹನದಲ್ಲಿ ಸಾಗುತ್ತ ಬೇಟೆಹಕ್ಕಿಗಳನ್ನು ಎಣಿಸಿದ್ದರು. ಆಗ ರಣಹದ್ದು ಅಳಿಯುತ್ತದೆಂಬ ಅನುಮಾನ ಯಾರಿಗೂ ಇರಲಿಲ್ಲ. ಊರಾಚೆ ಸತ್ತ ದನ ಬಿದ್ದಲ್ಲೆಲ್ಲ ಅವು ಇರುತ್ತಿದ್ದವು. ಸೊಸೈಟಿಯ ವಿಭು ಪ್ರಕಾಶ್ ಮತ್ತು ಸಂಗಡಿಗರು ಮುಂದೆ ಅವೇ ದಾರಿಗಳಲ್ಲಿ ಮತ್ತೆ ಮತ್ತೆ ಎಣಿಸಿದಾಗ ಬಿಳಿಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಶೇ 99.9ರಷ್ಟು ಇಲ್ಲವಾಗಿದೆ ಎಂಬುದು ಗೊತ್ತಾಯಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕವೇ ಸಾವಿನ ಮೂಲ ಎಂಬುದು 2004ರಲ್ಲಿ ಪ್ರಕಟವಾಯಿತು, 2006ರಲ್ಲಿ ಪಶುವೈದ್ಯಕೀಯದಲ್ಲಿ ಅದಕ್ಕೆ ನಿಷೇಧ ಬಂತು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದು ಈ ದುರಂತದ ನೆರಳಿನಲ್ಲೇ. ರಣಹದ್ದು ಹೇರಳವಾಗಿದ್ದಾಗ ನಡೆದ ಆ ಮೊದಲ ಎಣಿಕೆ ಇಲ್ಲದಿದ್ದರೆ ‘ಮೊದಲು ತುಂಬಾ ಇದ್ದವು’ ಎಂಬ ಹಳಬರ ಮಾತಷ್ಟೇ ಉಳಿಯುತ್ತಿತ್ತು. ಔಷಧ ಕಂಪನಿಯ ಮುಂದಾಗಲಿ, ಸರ್ಕಾರದ ಮುಂದಾಗಲಿ ಆ ಮಾತಿಗೆ ತೂಕವಿಲ್ಲ.

ಹಾಗಾದರೆ ಚಾಮುಂಡಿ ಬೆಟ್ಟದ ಮೇಲೆ ದುರ್ಬೀನು ಹಿಡಿದು ನಿಂತರೆ ಸಾಲದೇ ಎಂದು ಕೇಳಬಹುದು. ಸಾಲದು, ಕಾರಣ ಭೂಗೋಳದಲ್ಲಿದೆ. ಅಗಲ ರೆಕ್ಕೆಯ ಹದ್ದುಗಳು ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನೇ ಏಣಿ ಮಾಡಿಕೊಂಡು ಏರಿ, ಅಲ್ಲಿಂದ ಜಾರುತ್ತ ದೂರ ಕ್ರಮಿಸುತ್ತವೆ. ನೀರಿನ ಮೇಲೆ ಅಂಥ ಗಾಳಿ ಚೆನ್ನಾಗಿ ಏಳುವುದಿಲ್ಲ. ಆದ್ದರಿಂದ ಅವು ಸಮುದ್ರವನ್ನು ಬಳಸಿಕೊಂಡು ನೆಲದ ಇಕ್ಕಟ್ಟಿನಲ್ಲಿ ಒತ್ತೊತ್ತಾಗಿ ಹಾಯುತ್ತವೆ. ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಒಂದೇ ಹಿಂಗಾಲದಲ್ಲಿ ನಾಲ್ಕೈದು ದಶಲಕ್ಷ, ಕಪ್ಪು ಸಮುದ್ರದ ದಡದ ಬಟುಮಿಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೇಟೆಹಕ್ಕಿಗಳು ಹಾದುಹೋಗುವುದು ಹೀಗೆ. ದಖನ್ನಿನ ಸ್ಥಿತಿ ಇದಕ್ಕೆ ತಿರುವುಮುರುವು. ಉತ್ತರದಿಂದ ಬಂದ ಬಹುಪಾಲು ಹಕ್ಕಿಗಳಿಗೆ ಈ ಪರ್ಯಾಯ ದ್ವೀಪವೇ ಪಯಣದ ಕೊನೆ. ಇಲ್ಲಿಗೆ ತಲುಪಿದ ಮೇಲೆ ಅವು ಒಂದು ಕಡೆ ಸೇರುವ ಬದಲು ಚದುರಿಹೋಗುತ್ತವೆ. ಅದರಲ್ಲೂ ಸೆಳೆವಗಳು ರೆಕ್ಕೆ ಬಡಿದೇ ದೂರ ಹಾರಬಲ್ಲವು, ಇಕ್ಕಟ್ಟಿನ ದಾರಿ ಅವಕ್ಕೆ ಬೇಕಿಲ್ಲ. ಇಲ್ಲಿ ನಿಲ್ಲದೆ ಹಾಯುವ ಅಮುರ್ ಚಾಣದಂಥ ಹಕ್ಕಿ ಈಶಾನ್ಯದಿಂದ ಬಂದು, ಪರ್ಯಾಯ ದ್ವೀಪವನ್ನು ಅಡ್ಡಹಾಯ್ದು, ಅರಬ್ಬಿ ಸಮುದ್ರ ದಾಟಿ ಆಫ್ರಿಕ ಸೇರುತ್ತದೆ. ಅದರ ಅಗಲವಾದ ದಾರಿಯಲ್ಲಿ ಒಂದು ಬೆಟ್ಟದಿಂದ ಕಂಡದ್ದು ಅದೃಷ್ಟವೇ ಹೊರತು ಅಳತೆಯಲ್ಲ. ಸಾಲದ್ದಕ್ಕೆ ಮೈಸೂರಿನ ಆಕಾಶದ ತುಂಬ ನಮ್ಮ ಊರಿನದೇ ಹದ್ದುಗಳು ದಿನವಿಡೀ ಸುತ್ತುತ್ತಿರುತ್ತವೆ. ಬೆಟ್ಟದ ಮೇಲಿನ ಎಣಿಕೆ ಬಹುಮಟ್ಟಿಗೆ ಅವುಗಳ ಎಣಿಕೆಯೇ ಆದೀತು.

ಹಗಲೆಲ್ಲ ಚದುರುವ ಸೆಳೆವ ಸಂಜೆಗೆ ತಾನಾಗಿ ಒಂದೆಡೆ ಸೇರುತ್ತದೆ, ನಮಗೆ ಸಿಗುವ ಅನುಕೂಲ ಇದೇ. ಮರದ ಮೇಲೆ ಮಲಗುವ ಇತರ ಬೇಟೆಹಕ್ಕಿಗಳಂತಲ್ಲದೆ ಸೆಳೆವಗಳು ನೆಲದ ಮೇಲೆ, ಮೊಣಕಾಲೆತ್ತರದ ಹುಲ್ಲಿನ ನಡುವೆ ರಾತ್ರಿ ಕಳೆಯುತ್ತವೆ. ಸುತ್ತಲ ಹತ್ತಾರು ಕಿಲೋಮೀಟರಿನ ಹೊಲಗಳಲ್ಲಿ ಬೇಟೆಯಾಡಿದವು ಹೊತ್ತು ಮುಳುಗುವ ಮೊದಲು ಒಂದೊಂದಾಗಿ ಬಂದು, ಪಕ್ಕದ ಉತ್ತ ನೆಲದ ಹೆಂಟೆಗಳ ಮೇಲೆ ಸ್ವಲ್ಪ ಹೊತ್ತು ಕೂರುತ್ತವೆ. ಬೆಳಕು ಮಂಕಾದಂತೆ ಎದ್ದು, ಹುಲ್ಲಿನ ಮೇಲೆ ತಗ್ಗಿನಲ್ಲಿ ಎರಡು ಮೂರು ಸುತ್ತು ಹಾಕಿ, ರೆಕ್ಕೆ ಮೇಲೆತ್ತಿ ಕಾಲು ಇಳಿಬಿಟ್ಟು ಹುಲ್ಲೊಳಗೆ ಇಳಿದುಬಿಡುತ್ತವೆ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ 1990ರ ದಶಕದಲ್ಲಿ ಒಂದೇ ಸಂಜೆ ಸಾವಿರಕ್ಕೂ ಹೆಚ್ಚು ಸೆಳೆವಗಳು ಇಳಿದದ್ದನ್ನು ಎಣಿಸಿ ದಾಖಲಿಸಿದ್ದರು. ಅಲ್ಲಿ ಸಂಖ್ಯೆ ಕುಸಿದಿದೆ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಎಚ್ಚರಿಸಿದ್ದು ಅದೇ ತಾವಿನಲ್ಲಿ ಮತ್ತೆ ಎಣಿಸಿದ ಮೇಲೆ. ಬೆಳಗ್ಗೆ ಹಕ್ಕಿ ಎದ್ದುಹೋದ ಮೇಲೆ ಹುಲ್ಲಿನಲ್ಲಿ ಬಿದ್ದಿರುವ, ಅರಗದೆ ಅವು ಕಕ್ಕಿದ ಸಣ್ಣ ಉಂಡೆಗಳನ್ನು ಬಿಡಿಸಿ ನೋಡಿದರೆ ಮಿಡತೆಯ ಕಾಲು, ಇಲಿಯ ಕೂದಲು, ಚಿಕ್ಕ ಹಕ್ಕಿಯ ಮೂಳೆ ಸಿಗುತ್ತವೆ. ಎಷ್ಟಿವೆ ಎಂಬುದರ ಜೊತೆಗೆ ಏನು ತಿಂದು ಬದುಕಿವೆ ಎಂಬುದೂ ಒಂದೇ ಜಾಗದಲ್ಲಿ ತಿಳಿಯುವ ಅವಕಾಶ ಬೇರೆ ಬೇಟೆಹಕ್ಕಿಗಳಲ್ಲಿ ಅಪರೂಪ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ: ಈಗಾಗಲೇ ಇ-ಬರ್ಡ್ ಜಾಲತಾಣ ಇದೆಯಲ್ಲ, ಸಾವಿರಾರು ಮಂದಿ ತಾವು ಕಂಡದ್ದನ್ನು ಅಲ್ಲಿ ಹಾಕುತ್ತಾರಲ್ಲ, ಪ್ರತ್ಯೇಕ ಗಣತಿ ಏಕೆ? ನಿಜ, ಆ ದತ್ತಾಂಶದ ಸಾಮರ್ಥ್ಯ ದೊಡ್ಡದು. 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರ ದಾಖಲೆಗಳನ್ನು ಆಧರಿಸಿ 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ತೂಗಿ ನೋಡಿ, ಬೇಟೆಹಕ್ಕಿಗಳು ಮತ್ತು ಹುಲ್ಲುಬಯಲಿನ ಹಕ್ಕಿಗಳು ಹೆಚ್ಚು ಕುಸಿದ ಗುಂಪುಗಳಲ್ಲಿವೆ ಎಂದಿತು. ಆದರೆ ಆ ವರದಿ ಬದಲಾವಣೆಯನ್ನು ಅಳೆಯುವುದು ಒಟ್ಟು ಪಟ್ಟಿಗಳಲ್ಲಿ ಎಷ್ಟು ಪಾಲಿನಲ್ಲಿ ಒಂದು ಹಕ್ಕಿ ಕಾಣಿಸಿಕೊಂಡಿದೆ ಎಂಬುದರ ಮೇಲೆ. ಎಲ್ಲೆಡೆ ಹರಡಿಕೊಂಡು ಬಾಳುವ ಹಕ್ಕಿಗೆ ಆ ಅಳತೆ ಚೆನ್ನಾಗಿ ಹೊಂದುತ್ತದೆ. ಗುಂಪಾಗಿ ತಂಗುವ ಹಕ್ಕಿಯ ಸಂಖ್ಯೆಯನ್ನು ಅದು ಪೂರ್ತಿ ಹಿಡಿಯಲಾರದು: ನೂರು ಸೆಳೆವ ಇಳಿಯುತ್ತಿದ್ದ ತಾವಿನಲ್ಲಿ ಮೂರೇ ಇಳಿದರೂ ಪಟ್ಟಿಯಲ್ಲಿ ‘ಕಂಡಿದೆ’ ಎಂದೇ ಇರುತ್ತದೆ. ಇನ್ನೊಂದು ತೊಡಕೆಂದರೆ ನಾವು ಹಕ್ಕಿ ನೋಡಲು ಹೋಗುವುದು ಹಕ್ಕಿ ಇರುವ ಕಡೆಗೆ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಲ್ಲಿ ಬೆಳಗಿನ ಹೊತ್ತಿನ ಪಟ್ಟಿಗಳು ರಾಶಿ ಬೀಳುತ್ತವೆ. ವರುಣಾದ ಆಚೆಯ ಹುರುಳಿ ಹೊಲದ ಪಕ್ಕ ಸಂಜೆ ಆರಕ್ಕೆ ನಿಂತು ‘ಸೊನ್ನೆ’ ಎಂದು ಬರೆಯುವವರು ಕಡಿಮೆ. ಗಣತಿಗೆ ಆ ಸೊನ್ನೆ ಬೇಕು. ಕಂಡ ಲೆಕ್ಕವನ್ನು ಇ-ಬರ್ಡ್‌ನಲ್ಲೇ ಇಡಬಹುದು. ಹೊಸದಾಗಿ ಬೇಕಿರುವುದು ಜಾಲತಾಣವಲ್ಲ, ತಪ್ಪದೆ ಅದೇ ಜಾಗಕ್ಕೆ ಹೋಗುವ ಶಿಸ್ತು.

ಎರಡನೆಯ ಆಕ್ಷೇಪ ತಂತ್ರಜ್ಞಾನದ ಕಡೆಯಿಂದ. ಹಕ್ಕಿಯ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಉಪಕರಣ ಕಟ್ಟಿದರೆ ಅದರ ಜಾಡೆಲ್ಲ ಪರದೆಯ ಮೇಲೆ ಮೂಡುವಾಗ ಜನ ನಿಂತು ಎಣಿಸುವುದು ಹಳೆಯ ಕಾಲದ ಕೆಲಸವಲ್ಲವೇ? ಇಲ್ಲಿಂದ ಹೊರಟ ಸೆಳೆವ ಮಧ್ಯ ಏಷ್ಯಾಕ್ಕೆ ಹೋಗುತ್ತದೆ, ನಾಗಾಲ್ಯಾಂಡಿನ ಅಮುರ್ ಚಾಣ ಸಮುದ್ರವನ್ನು ಎಲ್ಲಿ ದಾಟುತ್ತದೆ ಎಂಬುದೆಲ್ಲ ಅಂಥ ಉಪಕರಣಗಳಿಂದಲೇ ಖಚಿತವಾಯಿತು, ಸಂಶಯವಿಲ್ಲ. ಆದರೆ ಅದು ಒಂದು ಹಕ್ಕಿ ಎಲ್ಲಿಗೆ ಹೋಯಿತು ಎಂದು ಹೇಳುತ್ತದೆ. ಇನ್ನೆಷ್ಟು ಉಳಿದಿವೆ ಎಂದು ಹೇಳುವುದಿಲ್ಲ. ದುಬಾರಿಯಾದ ಉಪಕರಣವನ್ನು ಕಟ್ಟಲಾಗುವುದು ಬೆರಳೆಣಿಕೆಯ ಹಕ್ಕಿಗಳಿಗೆ, ಅದಕ್ಕೆ ಸರ್ಕಾರದ ಅನುಮತಿಯೂ ಹಿಡಿಯುವ ಪರಿಣತಿಯೂ ಬೇಕು. ಉಪಕರಣ, ಎಣಿಕೆ ಎರಡೂ ಕೂಡಿದಾಗ ಮಾತ್ರ ಇಳಿತದ ಕಾರಣದ ಹತ್ತಿರ ಹೋಗಬಹುದು. ಇಲ್ಲಿ ಸಂಖ್ಯೆ ಇಳಿದರೆ ತೊಂದರೆ ಕಜಕಸ್ತಾನದಲ್ಲಿ ಮರಿಯಾಗುವ ಜಾಗದಲ್ಲಿದೆಯೋ, ದಾರಿಯಲ್ಲಿದೆಯೋ, ನಮ್ಮ ಹೊಲಕ್ಕೆ ಹೊಡೆದ ಕೀಟನಾಶಕದಲ್ಲಿದೆಯೋ ಎಂದು ಕೇಳಲಾದರೂ ಮೊದಲು ಇಳಿದಿದೆ ಎಂಬುದು ತಿಳಿಯಬೇಕಷ್ಟೆ.

ಮೂರನೆಯದು ಪರಿಣತರ ಅಳುಕು: ಹವ್ಯಾಸಿಗಳ ಕಣ್ಣನ್ನು ನಂಬುವುದು ಹೇಗೆ? ಸೆಳೆವಗಳ ವಿಷಯದಲ್ಲಿ ಈ ಅಳುಕು ನ್ಯಾಯವಾದದ್ದೇ. ಗಂಡುಗಳನ್ನು ಬೇರೆ ಮಾಡುವುದು ಕಷ್ಟವಲ್ಲ. ಬೂದುಬಣ್ಣದ ಮಾಂಟೆಗೂ ಗಂಡಿಗೆ ರೆಕ್ಕೆಯ ಮೇಲೆ ಉದ್ದಕ್ಕೂ ಕಪ್ಪು ಗೆರೆ, ಅದಕ್ಕಿಂತ ಬೆಳ್ಳಗಿರುವ ಪ್ಯಾಲಿಡ್ ಗಂಡಿಗೆ ರೆಕ್ಕೆಯ ತುದಿಯಲ್ಲಿ ಮಾತ್ರ ಕಪ್ಪು ಬೆಣೆ. ಹೆಣ್ಣು ಮತ್ತು ಮರಿಗಳದ್ದೇ ಫಜೀತಿ: ಎರಡೂ ಜಾತಿಯವು ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ ಪಟ್ಟೆ; ಮಬ್ಬು ಬೆಳಕಿನಲ್ಲಿ ಪಳಗಿದವರೂ ತಪ್ಪುತ್ತಾರೆ. ಇದಕ್ಕೆ ಪರಿಹಾರ ಗಣತಿಯನ್ನು ಕೈಬಿಡುವುದಲ್ಲ, ಪ್ರಾಮಾಣಿಕವಾದ ಒಂದು ಕಾಲಂ ಇಡುವುದು: ‘ಸೆಳೆವ, ಜಾತಿ ಖಚಿತವಿಲ್ಲ’. ಒಟ್ಟು ಸಂಖ್ಯೆ ಸರಿಯಿದ್ದರೆ ಇಳಿತ ಏರಿಕೆ ಗೊತ್ತಾಗುತ್ತದೆ. ಯಾವ ಜಾತಿಯವು ಎಷ್ಟು ಎಂಬುದನ್ನು ಗಂಡುಗಳ ಪ್ರಮಾಣದಿಂದ ಒಂದು ಮಟ್ಟಿಗೆ ಅಂದಾಜಿಸಬಹುದು. ಒಂದು ಅಪಾಯವನ್ನು ಮಾತ್ರ ಮರೆಮಾಚಬಾರದು. ವರ್ಷದಿಂದ ವರ್ಷಕ್ಕೆ ಎಣಿಸುವವರ ಕಣ್ಣು ಪಳಗುತ್ತದೆ, ದುರ್ಬೀನು ಸುಧಾರಿಸುತ್ತದೆ, ಜನ ಹೆಚ್ಚುತ್ತಾರೆ. ಹಕ್ಕಿ ಹೆಚ್ಚದೆಯೇ ಲೆಕ್ಕ ಏರಬಹುದು. ಆದ್ದರಿಂದ ಎಷ್ಟು ಜನ, ಎಷ್ಟು ಹೊತ್ತು, ಯಾವ ಬೆಳಕು ಎಂಬುದನ್ನೂ ಹಕ್ಕಿಯ ಸಂಖ್ಯೆಯ ಪಕ್ಕದಲ್ಲೇ ಬರೆಯಬೇಕು. ಆ ವಿವರವಿಲ್ಲದ ಅಂಕಿಯಿಂದ ತಪ್ಪು ಧೈರ್ಯವೂ ಬಂದೀತು.

ಎಲ್ಲಕ್ಕಿಂತ ಕಟುವಾದ ಪ್ರಶ್ನೆ, ಎಣಿಸಿದ ಮಾತ್ರಕ್ಕೆ ಹಕ್ಕಿ ಉಳಿಯುತ್ತದೆಯೇ ಎಂಬುದು. ಉಳಿಯುವುದಿಲ್ಲ. ಆದರೆ ಅಂಕಿಯಿಲ್ಲದ ಕಳಕಳಿಗೆ ಕಚೇರಿಗಳಲ್ಲಿ ಕುರ್ಚಿ ಸಿಗುವುದಿಲ್ಲ. 2012ರ ಹಿಂಗಾಲದಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಅಮುರ್ ಚಾಣಗಳನ್ನು ಬಲೆ ಹಾಕಿ ಹಿಡಿಯುತ್ತಿದ್ದುದನ್ನು ಕನ್ಸರ್ವೇಶನ್ ಇಂಡಿಯಾದವರು ಚಿತ್ರೀಕರಿಸಿದಾಗ, ದಿನಕ್ಕೆ 12,000ದಿಂದ 14,000 ಹಕ್ಕಿಗಳು ಸಾಯುತ್ತಿವೆ ಎಂಬ ಅಂದಾಜನ್ನೂ ಜೊತೆಗಿಟ್ಟರು. ದೇಶ ಬೆಚ್ಚಿದ್ದು ಚಿತ್ರಕ್ಕೆ ಎಷ್ಟೋ ಆ ಸಂಖ್ಯೆಗೂ ಅಷ್ಟೇ. ಮರುವರ್ಷವೇ ಪಾಂಗ್ಟಿ ಮತ್ತು ನೆರೆಯ ಹಳ್ಳಿಗಳವರು ಬೇಟೆ ನಿಲ್ಲಿಸಿದರು. ನಮ್ಮಲ್ಲಿ ಬಲೆ ಇಲ್ಲ. ಇಲ್ಲಿನ ಹೊಡೆತ ನೆಲಕ್ಕೆ. ಕೇಂದ್ರ ಸರ್ಕಾರದ ಪಾಳುಭೂಮಿ ಅಟ್ಲಾಸಿನಲ್ಲಿ ಕುರುಚಲು, ಹುಲ್ಲು ಬೆಳೆದ ನೆಲವೆಲ್ಲ ಪಾಳು ಎಂದೇ ನಮೂದಾಗುತ್ತದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯಿಂದ ಅಮೃತ್ ಮಹಲಿನವರೆಗೆ ರಾಸುಗಳಿಗೆಂದು ಕಾಪಾಡಿಕೊಂಡು ಬಂದ ಕಾವಲುಗಳು ಒಂದೊಂದಾಗಿ ಬೇರೆ ಬೇರೆ ಯೋಜನೆಗಳ ಪಾಲಾಗಿವೆ. ಮೈಸೂರಿನಲ್ಲೂ ವರ್ತುಲ ರಸ್ತೆಯಾಚೆಯ ಬೀಳು ಬಡಾವಣೆಯಾಗುತ್ತ, ನಂಜನಗೂಡು ದಾರಿಯ ಬಯಲು ಕೈಗಾರಿಕೆಗೆ ಸಲ್ಲುತ್ತ ಬಂದಿದೆ. ‘ಅಲ್ಲಿ ಏನೂ ಇಲ್ಲ’ ಎಂಬ ಒಂದು ಸಾಲು ಕಡತದಲ್ಲಿ ಸಲೀಸಾಗಿ ಕೂರುವುದು ಅಲ್ಲಿ ಏನಿದೆ ಎಂದು ಯಾರೂ ಬರೆದಿಡದಿದ್ದಾಗ. ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲು ಇದಕ್ಕೆ ಎದುರು ಉದಾಹರಣೆ. ಸೆಳೆವಗಳೂ ಬಂದು ತಂಗುವ ಆ ಬಯಲಿನ ಹಕ್ಕಿಗಳನ್ನು ವೀಕ್ಷಕರು ವರ್ಷಗಟ್ಟಲೆ ದಾಖಲಿಸಿದ್ದರು. ಆ ಬಯಲನ್ನು ಕಾಪಾಡುವ, ಒಮ್ಮೆ ತಿರಸ್ಕೃತವಾಗಿದ್ದ ಪ್ರಸ್ತಾವಕ್ಕೆ ಕೊನೆಗೆ 2024ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕು ಸುಮಾರು 5,600 ಎಕರೆ ಸಂರಕ್ಷಣಾ ಮೀಸಲಿನ ದಾರಿ ಹಿಡಿಯಿತು. ದಾಖಲೆಯೊಂದರಿಂದಲೇ ಇದಾಯಿತು ಎನ್ನಲಾಗದು. ದಾಖಲೆಯಿಲ್ಲದೆ ಆಗುತ್ತಿತ್ತು ಎನ್ನುವುದಂತೂ ಕಷ್ಟ.

ತಂಗುವ ಜಾಗ ಗೊತ್ತಾದರೆ ಕ್ಯಾಮೆರಾ ಹಿಡಿದವರು ಜೀಪಿನಲ್ಲಿ ನುಗ್ಗಿ ಹಕ್ಕಿಯನ್ನೇ ಓಡಿಸುತ್ತಾರೆ ಎಂಬ ಭಯ ಹುಸಿಯಲ್ಲ. ನೆಲದ ಮೇಲೆ ಮಲಗುವ ಹಕ್ಕಿಗೆ ಒಂದು ವಾಹನದ ದೀಪ ಸಾಕು ರಾತ್ರಿ ಕೆಡಲು. ಆದ್ದರಿಂದ ಅಂಕಿ ಸಾರ್ವಜನಿಕವಾಗಿರಲಿ, ಜಾಗದ ಗುರುತು ತಾಲ್ಲೂಕಿನ ಮಟ್ಟದಲ್ಲೇ ನಿಲ್ಲಲಿ. ಹೊಲದ ಯಜಮಾನನಿಗೆ ಮಾತ್ರ ಏನನ್ನೂ ಮುಚ್ಚಿಡಬಾರದು. ತನ್ನ ಜಮೀನಿನ ಮೇಲೆ ಹಕ್ಕಿಯ ನೆಪದಲ್ಲಿ ಕಾನೂನು ಬಂದು ಕೂರುತ್ತದೆ ಎಂಬ ಅನುಮಾನ ಅವನಿಗೆ ಬಂದರೆ ಹುಲ್ಲಿಗೆ ಬೆಂಕಿ ಬೀಳಲು ತಡವಾಗದು. ಈ ಹಕ್ಕಿ ತಿನ್ನುವುದು ಅವನ ಬೆಳೆ ತಿನ್ನುವ ಮಿಡತೆ, ಇಲಿಗಳನ್ನು. ಅದಕ್ಕೆ ಬೇಕಾದದ್ದು ನವೆಂಬರಿನಿಂದ ಮಾರ್ಚಿನವರೆಗೆ ಒಂದಷ್ಟು ಹುಲ್ಲನ್ನು ಕೊಯ್ಯದೆ, ಸುಡದೆ ಬಿಡುವುದು. ಗೋಮಾಳದಲ್ಲಿ ದನ ಮೇಯುವುದಕ್ಕೂ ಇದಕ್ಕೂ ವೈರವಿಲ್ಲ. ಮರ ನೆಟ್ಟು ಹುಲ್ಲನ್ನು ಮುಚ್ಚುವುದಕ್ಕೆ ಇದೆ.

ಕೆಲಸದ ಅಳತೆ ದೊಡ್ಡದೇನಲ್ಲ. ಮೈಸೂರು, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಹುಲ್ಲು ಉಳಿದಿರುವ ಬಯಲುಗಳನ್ನು ಒಮ್ಮೆ ಗುರುತಿಸಿಕೊಂಡು, ನವೆಂಬರ್ ಕೊನೆ, ಡಿಸೆಂಬರ್ ಕೊನೆ, ಜನವರಿ ಕೊನೆಗಳಲ್ಲಿ ಎಲ್ಲ ಕಡೆಯೂ ಒಂದೇ ಸಂಜೆ, ಒಂದೊಂದು ಕಡೆ ಇಬ್ಬರಂತೆ, ಐದರಿಂದ ಆರೂವರೆವರೆಗೆ ನಿಂತು ಹುಲ್ಲಿಗೆ ಇಳಿದವನ್ನಷ್ಟೇ ಎಣಿಸುವುದು. ಜನವರಿಯ ಕೆರೆ ಗಣತಿಗೆ ಮುಂಜಾನೆ ಬರುವ ಜನವೇ ಆ ತಿಂಗಳ ಸಂಜೆಗೂ ಸಾಕು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಕಕ್ಕಿದ ಉಂಡೆಗಳ ಅಧ್ಯಯನವೇ ಒಳ್ಳೆಯ ಪ್ರಾಜೆಕ್ಟ್ ಆದೀತು. ವಲಸೆ ಬೇಟೆಹಕ್ಕಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2016ರಲ್ಲಿ ಸಹಿ ಹಾಕಿದೆ. ಅದರ ಹೊಣೆ ದೆಹಲಿಯ ಕಡತದಿಂದ ಜಿಲ್ಲೆಯ ಹೊಲಕ್ಕೆ ಇಳಿಯಬೇಕಾದರೆ ಅರಣ್ಯ ಇಲಾಖೆ ಇಂಥ ಗಣತಿಯನ್ನು ತನ್ನದೆಂದು ಭಾವಿಸಬೇಕು. ಮೊದಲ ಎರಡು ಮೂರು ವರ್ಷ ಇದರಿಂದ ಹೇಳಿಕೊಳ್ಳುವಂಥ ಸುದ್ದಿ ಹುಟ್ಟುವುದಿಲ್ಲ, ಕೆಲವು ಸಂಜೆ ಸೊನ್ನೆಯೇ ಬಂದೀತು. ಉಪಯೋಗ ಗೊತ್ತಾಗುವುದು ಹತ್ತು ವರ್ಷದ ನಂತರ ಯಾರಾದರೂ ‘ಮೊದಲು ಎಷ್ಟಿದ್ದವು?’ ಎಂದು ಕೇಳಿದಾಗ. ಬೇರೆಲ್ಲ ಕೆಲಸವನ್ನೂ ತಡವಾಗಿ ಮಾಡಿಯಾದರೂ ಸರಿಪಡಿಸಬಹುದು. ಈ ಹಿಂಗಾಲದ ಹಕ್ಕಿಗಳನ್ನು ಮಾತ್ರ ಈ ಹಿಂಗಾಲದಲ್ಲೇ ಎಣಿಸಬೇಕು.